ಕೊಟ್ಟ ಇಟ್ಟಿಗೆಯ ಬೆಲೆ

“ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕೆಗಳು ಬಂದಂದಿನಿಂದ ನಮ್ಮ ಮೂಕಂಡಪಲ್ಲಿಯ ಸುತ್ತ ಕಟ್ಟಡಗಳು ಏಳುತ್ತಲೇ ಇವೆ. ಇಟ್ಟಿಗೆ, ಜಲ್ಲಿ, ಸಿಮೆಂಟು, ಕಂಬಿಗಳನ್ನು ಸಾಲಕ್ಕೆ ಕೊಟ್ಟು ಹಣಕ್ಕಾಗಿ ಅಲೆಯುವವರನ್ನೂ ಕಾಣುತ್ತೇವೆ. ಅಂಥ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇದ್ದಾರೆ. ಆದುದರಿಂದ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿಯೋಣ.

1930ರ ಸರಕು ಮಾರಾಟ ಕಾಯಿದೆಯಂತೆ, ನಗದು ವ್ಯಾಪಾರದಲ್ಲಿ ಹಣ ಬರುವ ತನಕ ಸರಕನ್ನು ತಡೆದಿಟ್ಟುಕೊಳ್ಳುವ ಹಕ್ಕು ಮಾರಿದವನಿಗುಂಟು. ಆದರೆ ಸರಕು ಕೊಂಡವನ ಕೈ ಸೇರಿದೊಡನೆ ಆ ಹಕ್ಕು ಹೋಗುತ್ತದೆ. ಗೋಡೆಗೆ ಸೇರಿದ ಇಟ್ಟಿಗೆಯನ್ನು ಕಿತ್ತು ತರಲಾಗದು. ಬೆಲೆಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು.

ದಾವೆ ಯಾರ ಮೇಲೆ? ಸರಕನ್ನು ಕೊಂಡವರ ಮೇಲೆ. ಗುತ್ತಿಗೆದಾರನು ತನ್ನ ಹೆಸರಿನಲ್ಲಿಯೇ ಕೊಂಡಿದ್ದರೆ, ಮನೆಯ ಯಜಮಾನರನ್ನು ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಮೇರಿಲ್ಯಾಂಡ್ ರಾಜ್ಯವು 1791ರಲ್ಲಿಯೇ, ವಾಷಿಂಗ್ಟನ್ ನಗರವನ್ನು ಕಟ್ಟುವ ಕಾಲದಲ್ಲಿ, ಬಾಕಿಗಾಗಿ ಕಟ್ಟಡದ ಮೇಲೆಯೇ ಹಕ್ಕು ಕೊಡುವ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಕಾಲಮಿತಿಯನ್ನೂ ಮರೆಯಬಾರದು. 1963ರ ಕಾಯಿದೆಯಂತೆ ದಾವೆಗೆ 3 ವರ್ಷಗಳ ಅವಧಿಯಿದೆ. ಗಡುವು ಗೊತ್ತುಮಾಡದಿದ್ದರೆ ಸರಕು ಒಪ್ಪಿಸಿದ ದಿನದಿಂದಲೂ, ಗೊತ್ತುಮಾಡಿದ್ದರೆ ಅದು ಮುಗಿದ ದಿನದಿಂದಲೂ ಇದನ್ನು ಎಣಿಸಬೇಕು. ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಅಂದಿನಿಂದ ಹೊಸದಾಗಿ 3 ವರ್ಷ. “ನಾಳೆ ಕೊಡುತ್ತೇನೆ” ಎಂಬ ಬಾಯಿಮಾತಿಗೆ ಈ ಬಲವಿಲ್ಲ.

ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟೀಸು ಕೊಡಬೇಕು. ಅದು ತಲುಪಿ 15 ದಿನವಾದರೂ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕ್ರಿಮಿನಲ್ ದೂರು ಸಲ್ಲಿಸಬೇಕು. ಈ ವ್ಯವಸ್ಥೆ ಬಂದದ್ದು 1989ರಲ್ಲಿ. ಇಟ್ಟಿಗೆ ತಯಾರಿಸುವ ಸಣ್ಣ ಘಟಕವು ನೋಂದಣಿಯಾಗಿದ್ದರೆ 2006ರ ಕಾಯಿದೆಯ ಆಸರೆಯೂ ಉಂಟು. ಬರವಣಿಗೆಯ ಒಪ್ಪಂದವಿದ್ದರೂ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು.

ಇವೆಲ್ಲಕ್ಕೂ ಬೇಕಾದುದು ಪುರಾವೆ. ಲೋಡು ಇಳಿದಾಗ ತಾರೀಖು, ಲೆಕ್ಕ, ದರ, ಕೊಂಡವರ ಹೆಸರು ಬರೆದು ಸಹಿ ಪಡೆದ ಚೀಟಿಯೇ ನ್ಯಾಯಾಲಯದಲ್ಲಿ ಮಾತನಾಡುತ್ತದೆ. ವಿದ್ಯಾರ್ಥಿಗಳೇ, ನಾವು ಕಲಿಸುವ ಪತ್ರಲೇಖನವು ಪರೀಕ್ಷೆಯ ಅಂಕಗಳೊಂದಿಗೆ ಮುಗಿಯಬಾರದು. ಇಂದು ಸಂಜೆ ಮನೆಯವರ ಲೆಕ್ಕದ ಪುಸ್ತಕವನ್ನು ತೆರೆದು ನೋಡಿರಿ. ಸಹಿಯಿಲ್ಲದ ಬಾಕಿ ಕಂಡರೆ, ಒಪ್ಪಿಗೆಯ ಪತ್ರವೊಂದನ್ನು ಬರೆದುಕೊಡಿರಿ. ಕೊಂಡವರಿಂದ ಅದಕ್ಕೆ ಸಹಿ ಪಡೆಯುವಂತೆ ಹಿರಿಯರಿಗೆ ತಿಳಿಸಿರಿ.