ಕೆಸುವಿಗೂ ಹೂವುಂಟು

ಮಲೆನಾಡಿನವರಿಗೆ ಕೆಸುವಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಯಿತೆಂದರೆ ಸಾಕು. ಹಳ್ಳದ ದಂಡೆ, ಅಡಿಕೆ ತೋಟದ ಬಸಿಗಾಲುವೆ, ಗದ್ದೆಯ ಅಂಚು, ಬಚ್ಚಲ ಹಿಂದಿನ ಜೌಗು, ಹೀಗೆ ನೀರು ನಿಂತಲ್ಲೆಲ್ಲ ಆನೆಯ ಕಿವಿಯಂಥ ಎಲೆಗಳು ಎದ್ದು ನಿಲ್ಲುತ್ತವೆ. ಯಾರೂ ನೆಟ್ಟದ್ದಲ್ಲ, ಗೊಬ್ಬರ ಹಾಕಿದ್ದಲ್ಲ. ಬೇಸಗೆಯಲ್ಲಿ ಎಲೆ ಸೊರಗಿದರೂ ಗಡ್ಡೆ ಮಣ್ಣಿನೊಳಗೆ ಜೀವ ಹಿಡಿದುಕೊಂಡಿದ್ದು, ಮರುವರ್ಷ ಮಳೆಯ ಸದ್ದು ಕೇಳಿದೊಡನೆ ಮತ್ತೆ ಚಿಗುರುತ್ತದೆ. ಬಯಲುಸೀಮೆಯ ಪೇಟೆಗಳಲ್ಲಿ ಸಾಮೆಗಡ್ಡೆಯೆಂದು ತೂಗಿ ಮಾರುವುದೂ ಇದೇ ಕುಲದ ಸಾಗುವಳಿಯ ಗಡ್ಡೆಯನ್ನೇ.

ಕೆಸುವಿನ ಎಲೆಯನ್ನು ಬಲ್ಲವರು ಸಾವಿರಾರು ಮಂದಿ. ಆದರೆ ಅದರ ಹೂವನ್ನು ಕಂಡವರು ಎಷ್ಟು ಮಂದಿ? ಮಳೆ ಬಲಿತ ಮೇಲೆ ಹಳ್ಳದ ಬದಿಯ ಹಳೆಯ ಕೆಸುವಿನ ಹಿಂಡಿಲನ್ನು ಸರಿಸಿ ನೋಡಿ. ದಂಟುಗಳ ನಡುವೆ, ಗೇಣುದ್ದದ ಹಳದಿ ಹೊದಿಕೆಯೊಂದು ತಲೆಯೆತ್ತಿರುವುದು ಕಂಡರೂ ಕಾಣಬಹುದು. ಅಡಿಕೆಯ ಹೊಂಬಾಳೆ ಹಾಳೆಯೊಳಗೆ ಅಡಗಿರುವಂತೆ ಇದರ ಹೂಗಳೂ ಆ ಹೊದಿಕೆಯೊಳಗೆ ಅಡಗಿವೆ. ನಾವು ಹೂವೆಂದು ಕರೆಯುವ ಹಳದಿ ಭಾಗ ವಾಸ್ತವವಾಗಿ ಹೂವಲ್ಲ, ಮಾರ್ಪಟ್ಟ ಎಲೆ. ಒಳಗೊಂದು ದಿಂಡು. ದಿಂಡಿನ ಬುಡದಲ್ಲಿ ಸಣ್ಣ ಸಣ್ಣ ಹೆಣ್ಣು ಹೂಗಳು, ಮೇಲೆ ಗಂಡು ಹೂಗಳು, ತುದಿಯಲ್ಲಿ ಬರಿದಾದ ಮೊನೆ.

ಈ ಪುಟ್ಟ ಸಂಸಾರದಲ್ಲಿ ಒಂದು ಕಟ್ಟುನಿಟ್ಟಿದೆ. ಹೆಣ್ಣು ಹೂಗಳು ಮೊದಲು ಪಕ್ವವಾಗುತ್ತವೆ. ಗಂಡು ಹೂಗಳು ಪರಾಗ ಉದುರಿಸುವುದು ಅನಂತರ. ಆದಕಾರಣ ತನ್ನ ಪರಾಗ ತನಗೇ ಬೀಳುವ ಸಂಭವ ಕಡಿಮೆ. ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ಯುವುದು ಜೇನಲ್ಲ, ದುಂಬಿಯಲ್ಲ. ಹಣ್ಣುನೊಣದ ಬಳಗಕ್ಕೆ ಸೇರಿದ ಅತಿ ಚಿಕ್ಕ ನೊಣಗಳು. ವಾಸನೆಗೆ ಮರುಳಾಗಿ ಹೊದಿಕೆಯೊಳಗೆ ನುಗ್ಗುವ ಇವು ಅಲ್ಲಿಯೇ ಮೊಟ್ಟೆಯಿಡುತ್ತವೆ. ಮರಿಗಳು ಆ ದಿಂಡಿನಲ್ಲೇ ಬೆಳೆಯುತ್ತವೆ. ನೊಣಕ್ಕೆ ತೊಟ್ಟಿಲು, ಗಿಡಕ್ಕೆ ಬೀಜ, ಇಬ್ಬರಿಗೂ ಲಾಭವಾಗುವ ಒಪ್ಪಂದ. ಸಾಗುವಳಿಯ ಕೆಸುವಿನ ಅನೇಕ ತಳಿಗಳು ಹೂ ಬಿಡುವುದೇ ಅಪರೂಪ, ಬಿಟ್ಟರೂ ಬೀಜ ಕಟ್ಟುವುದಿಲ್ಲ. ಮನುಷ್ಯ ಗಡ್ಡೆಯಿಂದಲೇ ಗಡ್ಡೆ ಮಾಡಿಕೊಂಡು ಬಂದುದರಿಂದ ಅವುಗಳಿಗೆ ಹೂವಿನ ಹಂಗು ಉಳಿಯಲಿಲ್ಲ. ಆದ್ದರಿಂದ ಹಳ್ಳದ ಕಾಡುಕೆಸುವಿನ ಹಳದಿ ಹೂ ಬರಿಯ ಅಂದವಲ್ಲ. ಹೊಸ ತಳಿ ಹುಟ್ಟಬಹುದಾದ ಬಾಗಿಲು ಅದು.

ನೀರಿನಲ್ಲಿ ಕಾಲೂರಿ ನಿಂತರೂ ಕೆಸುವಿನ ಬೇರು ಕೊಳೆಯುವುದಿಲ್ಲವೇಕೆ? ದಂಟನ್ನು ಅಡ್ಡಲಾಗಿ ಕೊಯ್ದರೆ ಉತ್ತರ ದೊರೆಯುತ್ತದೆ. ಒಳಗೆಲ್ಲ ಗಾಳಿಯ ಸಣ್ಣ ಕೊಳವೆಗಳು. ಎಲೆ ಸೇದಿದ ಗಾಳಿ ಈ ದಾರಿಯಲ್ಲಿ ಕೆಸರಿನೊಳಗಿನ ಬೇರನ್ನು ಮುಟ್ಟುತ್ತದೆ. ಎಲೆಯ ಮೇಲ್ಮೈಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಮಳೆಹನಿಯನ್ನು ಅಂಟಗೊಡುವುದಿಲ್ಲ. ಹೇಳಿದ ಬುದ್ಧಿ ತಲೆಗೆ ಹತ್ತದವನನ್ನು ಕುರಿತು 'ಕೆಸುವಿನೆಲೆಯ ಮೇಲೆ ನೀರು ಹೊಯ್ದ ಹಾಗೆ' ಎಂದು ನಮ್ಮ ಹಿರಿಯರು ಹೇಳುವುದು ಇದನ್ನು ಕಂಡೇ. ಬೆಳಗಿನ ಜಾವ ಎಲೆಯ ತುದಿಯಿಂದ ತೊಟ್ಟಿಕ್ಕುವ ಹನಿ ಮಾತ್ರ ಇಬ್ಬನಿಯೇ ಆಗಿರಬೇಕಿಲ್ಲ. ಬೇರು ಹೀರಿದ ಹೆಚ್ಚಿನ ನೀರನ್ನು ಗಿಡವೇ ಹೊರಹಾಕುತ್ತಿರುತ್ತದೆ.

ಇನ್ನು ತುರಿಕೆಯ ವಿಚಾರ. ಕೆಸುವಿನ ಎಲೆ, ದಂಟು, ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಗಳ ಕಟ್ಟಿನಂತೆ ಇರುತ್ತವೆ. ಹಸಿಯಾಗಿ ಅಗಿದರೆ ಈ ಸೂಜಿಗಳು ನಾಲಗೆ, ಗಂಟಲುಗಳಿಗೆ ಚುಚ್ಚಿಕೊಳ್ಳುತ್ತವೆ. ಅವುಗಳೊಡನೆ ಇರುವ ಪ್ರೋಟೀನು ಉರಿಯನ್ನು ಹೆಚ್ಚಿಸುತ್ತದೆ. ದನವೂ ಹಸಿ ಕೆಸುವಿಗೆ ಸುಲಭವಾಗಿ ಬಾಯಿ ಹಾಕದು. ಸೂಜಿಗಳು ಕುದಿಸಿದರೂ ಕರಗುವುದಿಲ್ಲ, ಆದರೆ ಉರಿ ಹೆಚ್ಚಿಸುವ ಪ್ರೋಟೀನು ಕಾವಿಗೆ ಕೆಡುತ್ತದೆ. ಚೆನ್ನಾಗಿ ಬೇಯಿಸಬೇಕು, ಹುಳಿ ಮುಂದಾಗಿ ಹಾಕಬೇಕು ಎಂಬ ಅಡುಗೆಮನೆಯ ನಿಯಮ ರಸಾಯನಶಾಸ್ತ್ರ ಹುಟ್ಟುವ ಮೊದಲೇ ನಮ್ಮ ತಾಯಂದಿರು ಕಂಡುಕೊಂಡದ್ದು.

ಪತ್ರೊಡೆಯನ್ನೇ ನೋಡಿ. ಎಳೆಯ ಎಲೆ ಆರಿಸಿ, ಬೆನ್ನಿನ ದಪ್ಪ ನಾರನ್ನು ಹೆರೆದು, ನೆನೆಸಿದ ಅಕ್ಕಿಯನ್ನು ಹುಣಸೆಹಣ್ಣು, ಮೆಣಸಿನಕಾಯಿ, ಕೊತ್ತಂಬರಿ, ಬೆಲ್ಲದೊಂದಿಗೆ ರುಬ್ಬಿ ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಇದರ ಒಂದೊಂದು ಹೆಜ್ಜೆಗೂ ಕಾರಣವುಂಟು. ದಂಟು ಕಪ್ಪಾಗಿರುವ ಕರಿಕೆಸುವನ್ನೇ ಹುಡುಕುವುದೂ ಅದರ ತುರಿಕೆ ಕಡಿಮೆ ಎಂಬ ಅನುಭವದಿಂದ. 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯ ಹೊರತಂದ ಸಾಂಪ್ರದಾಯಿಕ ತಿನಿಸುಗಳ ಪುಸ್ತಿಕೆಯಲ್ಲಿ ಪತ್ರೊಡೆಗೂ ಸ್ಥಾನ ಸಿಕ್ಕಿತು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಕೆಸುವನ್ನು ತಿನ್ನುವುದು ಕ್ಷೇಮ. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಕರಗುವ ಆಕ್ಸಲೇಟು ಸ್ವಲ್ಪಮಟ್ಟಿಗೆ ಹೋಗುತ್ತದೆ. ಜೊತೆಗೆ ಹಾಲು ಮೊಸರು ಇದ್ದರೆ ಇನ್ನೂ ಒಳ್ಳೆಯದು.

ಇದರ ನಂಟನಾದ ಮರಕೆಸುವಿಗೂ ಹಳದಿ ಹೊದಿಕೆಯ ಹೂವೇ. ಪಾಚಿಗಟ್ಟಿದ ಮರದ ಕವಲಿನಲ್ಲಿ ಮಳೆಯೊಡನೆ ಎಲೆ ಬಿಡುವ ಇದು ಬೀಜವನ್ನು ನಂಬಿಕೊಂಡಿಲ್ಲ. ನೆಟ್ಟಗೆ ನಿಂತ ಕಡ್ಡಿಗಳಲ್ಲಿ ಕೊಕ್ಕೆಯುಳ್ಳ ಪುಟ್ಟ ಮರಿಗಡ್ಡೆಗಳನ್ನು ಹೊತ್ತು, ಹಾದುಹೋಗುವ ಹಕ್ಕಿಗೋ ಪ್ರಾಣಿಗೋ ಅಂಟಿಸಿ ಬೇರೆ ಮರಕ್ಕೆ ಕಳುಹಿಸುತ್ತದೆ.

ಕೆಸು ಮಲೆನಾಡಿಗಷ್ಟೇ ಸೀಮಿತವಾದುದೂ ಅಲ್ಲ. ಹವಾಯಿ ದ್ವೀಪಗಳಲ್ಲಿ ನಮ್ಮ ಭತ್ತದ ಗದ್ದೆಯಂತೆ ನೀರು ಕಟ್ಟಿ ಕೆಸು ಬೆಳೆಯುತ್ತಾರೆ. ಸಮೋವ ದ್ವೀಪದಲ್ಲಿ ಅದು ಮುಖ್ಯ ಆಹಾರವೂ ರಫ್ತಿನ ಮಾಲೂ ಆಗಿತ್ತು. 1993ರಲ್ಲಿ ಅಲ್ಲಿ ಎಲೆಕೊಳೆ ರೋಗ ಹೊಕ್ಕು ಸ್ವಲ್ಪ ಕಾಲದಲ್ಲೇ ಬೆಳೆಯೆಲ್ಲ ನೆಲಕಚ್ಚಿತು. ಕಾರಣ, ದ್ವೀಪದ ಬಹುಭಾಗದಲ್ಲಿ ಇದ್ದುದು ಆ ರೋಗಕ್ಕೆ ಸುಲಭವಾಗಿ ತುತ್ತಾಗುವ ಒಂದೇ ಮೆಚ್ಚಿನ ತಳಿ. ಆ ರೋಗಾಣುವಿನ ಹೆಸರು ಫೈಟಾಫ್ತೊರ. ನಮ್ಮ ಅಡಿಕೆಯನ್ನು ಕಾಡುವ ಕೊಳೆರೋಗವೂ ಅದೇ ಕುಲದ ಕೃತ್ಯ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಕುರಿತು 1910ರಲ್ಲೇ ಬರೆದಿದ್ದರು. ಹೂ ಬಿಟ್ಟು ಬೀಜ ಕಟ್ಟುವ, ಬಗೆಬಗೆಯ ಗುಣಗಳನ್ನು ಕಾಪಾಡಿಕೊಂಡಿರುವ ಕಾಡುಕೆಸುವಿನ ಬೆಲೆ ಇಂಥ ಸಂದರ್ಭದಲ್ಲಿ ತಿಳಿಯುತ್ತದೆ.

ಪಟ್ಟಣದ ಗೃಹಿಣಿಯರಿಗೆ ಒಂದು ಎಚ್ಚರಿಕೆಯ ಮಾತು. ಕೆಸು ತಾನು ನಿಂತ ನೀರಿನಲ್ಲಿ ಕರಗಿದ್ದನ್ನು ಹೀರಿಕೊಳ್ಳುವ ಗಿಡ. ಕೊಳಚೆ ನೀರನ್ನು ಶುದ್ಧಮಾಡುವ ಕೃತಕ ಜೌಗುಗಳಲ್ಲಿ ಇದನ್ನು ಬೆಳೆಸುವುದುಂಟು. ಹಾಗಾದರೆ ಊರ ಚರಂಡಿಯ ಬದಿಯಲ್ಲಿ ಸೊಂಪಾಗಿ ಬೆಳೆದ ಕೆಸು ತಿನ್ನಲು ತಕ್ಕುದೆ? ಖಂಡಿತ ಅಲ್ಲ. ಕಳೆನಾಶಕ ಹೊಡೆದ ತೋಟದ ಎಲೆಯೂ ಬೇಡ. ಕುಂಡದಲ್ಲಿ ಬೆಳೆಸುವ ಬಣ್ಣದೆಲೆಯ ಅಲಂಕಾರದ ಗಿಡಗಳು ಕೆಸುವಿನಂತೆ ಕಂಡರೂ ಆಹಾರವಲ್ಲ. ಗುರುತು ಖಚಿತವಿಲ್ಲದ ಎಲೆಯನ್ನು ಒಲೆಗೆ ಏರಿಸಬಾರದು. ಮಕ್ಕಳು ಹಸಿ ಎಲೆಯನ್ನು ಕಚ್ಚಿದರೆ ಬಾಯಿ ತೊಳೆಸಿ ತಣ್ಣನೆಯ ಹಾಲು ಕೊಡಿ. ಗಂಟಲು ಬಾತರೆ, ಉಸಿರಿಗೆ ತೊಡಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಶೃಂಗೇರಿ, ಹರಿಹರಪುರಗಳನ್ನು ಹಾಯುವ ತುಂಗೆಗೂ ಬಾಳೆಹೊನ್ನೂರನ್ನು ಹಾಯುವ ಭದ್ರೆಗೂ ನೂರಾರು ಸಣ್ಣ ಹಳ್ಳಗಳು ನೀರು ತರುತ್ತವೆ. ಆ ಹಳ್ಳಗಳ ಅಂಚಿನ ಕೆಸು ಮಣ್ಣನ್ನು ಹಿಡಿದು ನಿಂತಿದೆ, ಮಳೆಗಾಲದ ಮನೆಗೆ ಪಲ್ಯ ಒದಗಿಸಿದೆ. ಹಳ್ಳ ತಿಳಿಯಾಗಿದ್ದರೆ ಅದರ ದಂಡೆಯ ಕೆಸು ಊಟವಾಗುತ್ತದೆ. ಹಳ್ಳ ಕೆಟ್ಟರೆ ಅದೇ ಗಿಡ ವಿಷದ ಲೆಕ್ಕಪುಸ್ತಕವಾಗುತ್ತದೆ. ಬರುವ ಆಷಾಢದಲ್ಲಿ ಎಲೆ ಕೊಯ್ಯುವಾಗ ಎರಡು ಹಿಂಡಿಲನ್ನಾದರೂ ಮುಟ್ಟದೆ ಬಿಡಿ. ಹೂ ಬಿಡಲು ಅವಕ್ಕೂ ಪುರಸೊತ್ತು ಬೇಕು.