ಮನೆ ಬಿಟ್ಟು ಕದಲದ ಹಿರಿಯರು

“ಅವರು ತೋಟ ಬಿಟ್ಟು ಎಲ್ಲಿಗೂ ಹೋಗುವವರಲ್ಲ” ಎಂಬ ಮಾತನ್ನು ನಮ್ಮ ಕಡೆ ಹೊಗಳಿಕೆಯಾಗಿಯೇ ಆಡುತ್ತೇವೆ. ವಾರ್ಷಿಕ ಮಹಾಸಭೆಗೆ ಬಾರದ ಹಿರಿಯ ಸದಸ್ಯರ ಬಗ್ಗೆ ಸಂಘದ ಕಾರ್ಯದರ್ಶಿಯಾದ ನಾವೂ ಹೀಗೆಂದು ಮುಂದಿನ ವಿಷಯಕ್ಕೆ ಹೋದದ್ದುಂಟು. ಈ ಮಾತನ್ನು ಯೋಚಿಸಿ ಆಡಬೇಕೆಂದು ನಮಗೆ ತಿಳಿದದ್ದು ಮಮದಾಪುರದಲ್ಲಿ.

ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ಆ ಊರಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ. ಕಾಫಿ, ಅಡಿಕೆಗಳಿಲ್ಲದ ಬಯಲುಸೀಮೆ. ಭಾವನವರದು ನಿಂಬೆ ಮತ್ತು ದ್ರಾಕ್ಷಿ. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯ ಏರಿಯ ಮೇಲೆ ದಿನವೂ ಬೆಳಿಗ್ಗೆ ನಡೆದಾಡುತ್ತಿದ್ದವರು, ಅರವತ್ತೆಂಟನೆಯ ವಯಸ್ಸಿನಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟಿದ್ದರು.

ಆರಂಭವಾದದ್ದು ವಿಜಯಪುರದ ಬಸ್ಸಿನಲ್ಲಿ. ನೂಕುನುಗ್ಗಲಿನ ನಡುವೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಬೆವರಿಳಿದು, ಉಸಿರು ಸಿಕ್ಕಿ, ಸತ್ತೇ ಹೋದೆನೆನಿಸಿತು. ಆಸ್ಪತ್ರೆಗೆ ಒಯ್ದರು. ಇ.ಸಿ.ಜಿ. ಸರಿಯಾಗಿತ್ತು. ತಿಂಗಳ ಬಳಿಕ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಮತ್ತೆ ಹಾಗೆಯೇ ಆಯಿತು. ಅಲ್ಲಿಂದ ಮುಂದೆ ಮೊದಲು ಬಸ್ಸು ಬಿಟ್ಟರು, ಆಮೇಲೆ ಪೇಟೆ, ಆಮೇಲೆ ಕೆರೆ ಏರಿ. ಕೊನೆಗೆ ಅಂಗಳದ ಬಾಗಿಲೂ ದಾಟದಾದರು. “ಹೊರಗ ಹೆಜ್ಜಿ ಇಟ್ರ ಎದಿ ಹಿಡಕೊಂಡಂಗ ಆಗ್ತೈತಿ” ಎನ್ನುತ್ತಿದ್ದರು. ಅಕ್ಕ ಮಾತ್ರ, “ವಯಸ್ಸಾತಲ್ಲ ತಮ್ಮಾ, ಇರ್ಲಿ ಬಿಡು ಮನ್ಯಾಗ” ಎಂದಳು.

ಹೀಗೆ ಗಾಬರಿ ಮೇಲಿಂದ ಮೇಲೆ ನುಗ್ಗಿ ಬರುವುದಕ್ಕೆ ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರು. ಅದು ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಹೆದರಿ ಬಸ್ಸು, ಜನಸಂದಣಿ, ಬಯಲುಗಳನ್ನು ತೊರೆಯುವುದು ಅಗೋರಾಫೋಬಿಯಾ. ಜರ್ಮನಿಯ ವೈದ್ಯ ವೆಸ್ಟ್‌ಫಾಲ್ 1871ರಲ್ಲಿ ಕೊಟ್ಟ ಹೆಸರಿದು. ಗ್ರೀಕರ ‘ಅಗೋರಾ’ ಎಂದರೆ ಪೇಟೆಯ ಬಯಲು. ನಮ್ಮ ಮಾತಿನಲ್ಲಿ ಸಂತೆಯ ಭಯ ಎನ್ನಬಹುದೇನೋ. ಹಿರಿಯರಲ್ಲಿ ಇಂಥ ಗಾಬರಿ ಒಮ್ಮೆಯೂ ಬಾರದೆಯೇ, ಜಾರಿ ಬಿದ್ದ ಮೇಲೆ ಅಥವಾ ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಈ ಭಯ ಹೊಕ್ಕುವುದುಂಟು.

ಭಾವನವರಿಗೆ ಯಾರೋ ವೈದ್ಯರು ಆಲ್‌ಪ್ರಜೋಲಾಂ ಮಾತ್ರೆ ಬರೆದುಕೊಟ್ಟಿದ್ದರು. ನುಂಗಿದರೆ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತಿತ್ತು. ಹಾಗಾಗಿ ಅಂಗಡಿಯಿಂದ ಅದನ್ನೇ ತರಿಸಿ ವರ್ಷವಿಡೀ ನುಂಗಿದರು. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ತೂರಾಡಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಈ ಜಾತಿಯ ಮಾತ್ರೆಗಳಿಂದ ಮುದುಕರಿಗೆ ಬೀಳುವ, ಮರೆವು ಹೆಚ್ಚುವ ಅಪಾಯವಿದೆ, ಬೇಗ ಚಟವಾಗುತ್ತವೆ. ಆದರೆ ದಿನವೂ ನುಂಗುತ್ತಿರುವವರು ಥಟ್ಟನೆ ನಿಲ್ಲಿಸಕೂಡದು. ವೈದ್ಯರ ಹೇಳಿಕೆಯಂತೆ ನಿಧಾನವಾಗಿ ಇಳಿಸಬೇಕು.

ಬಿದ್ದ ಮೇಲೆ ನಾವೇ ಹೋಗಿ ಅವರನ್ನು ವಿಜಯಪುರದ ಮನೋವೈದ್ಯರಲ್ಲಿಗೆ ಕರೆದೊಯ್ದೆವು. “ನನಗೇನ ಹುಚ್ಚ ಹಿಡದೈತೇನ?” ಎಂದು ದಾರಿಯುದ್ದಕ್ಕೂ ಸಿಟ್ಟು. ವೈದ್ಯರು ಮೊದಲು ಥೈರಾಯ್ಡ್, ಸಕ್ಕರೆ, ರಕ್ತಹೀನತೆಗಳ ಪರೀಕ್ಷೆ ಮಾಡಿಸಿದರು. ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಹೇಳಿದರು. ಉಬ್ಬಸದ ಕೆಲವು ಔಷಧಿಗಳೂ ಎದೆ ಬಡಿತ ಹೆಚ್ಚಿಸುತ್ತವೆಯಂತೆ. ಕಾಫಿಯೂ ಅಷ್ಟೆ. ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಗಾಬರಿ ರೋಗವಿದ್ದವರು ದಿನಕ್ಕೆ ಐದಾರು ಲೋಟ ಸ್ಟ್ರಾಂಗ್ ಕಾಫಿ ಕುಡಿಯುವುದು ತರವಲ್ಲ. ಹೊಸದಾಗಿ ಎದೆನೋವು ಬಂದರಂತೂ ಅದು ಗಾಬರಿಯೆಂದು ನಾವೇ ತೀರ್ಮಾನಿಸಬಾರದು; ಮೊದಲು ಹೃದಯ ತೋರಿಸಬೇಕು.

ಸರ್ಟ್ರಾಲಿನ್ ಎಂಬ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಇದರ ಗುಣ ಕಾಣಲು ಕೆಲವು ವಾರಗಳೇ ಬೇಕು. ಮೊದಲ ದಿನಗಳಲ್ಲಿ ತಳಮಳ ತುಸು ಹೆಚ್ಚಲೂಬಹುದು. ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯುವ ಸಂಭವವಿರುವುದರಿಂದ ಪರೀಕ್ಷೆ ತಪ್ಪಿಸಬಾರದು.

ನಿಜವಾದ ಮದ್ದು ಹೆಜ್ಜೆಯ ಲೆಕ್ಕದಲ್ಲಿತ್ತು. ಮೊದಲ ವಾರ ಅಂಗಳದ ಬಾಗಿಲಲ್ಲಿ ನಿಲ್ಲುವುದು. ಎದೆ ಹೊಡೆದುಕೊಂಡರೂ ಒಳಗೆ ಓಡದೆ, ಭಯ ಇಳಿಯುವ ತನಕ ಅಲ್ಲೇ ಇರುವುದು. ಮುಂದಿನ ವಾರ ಬೇವಿನ ಮರದವರೆಗೆ. ಆಮೇಲೆ ಕೆರೆ ಏರಿ, ಮೊದಲು ಅಕ್ಕನ ಜೊತೆ, ಬಳಿಕ ಒಬ್ಬರೇ. ಆಮೇಲೆ ಬಸ್ಸಿನಲ್ಲಿ ಒಂದು ಸ್ಟಾಪು. ನಡುವೆ ಜ್ವರ ಬಂದು ಹದಿನೈದು ದಿನ ಮಲಗಿದಾಗ ಎಲ್ಲ ಹಿಂದಕ್ಕೆ ಹೋಯಿತು. ಮತ್ತೆ ಬಾಗಿಲಿನಿಂದಲೇ ಆರಂಭ. ಅವರ ಕೆಲಸಗಳನ್ನೆಲ್ಲ ತಾನೇ ಮಾಡಿಕೊಡುವುದನ್ನು ಅಕ್ಕ ನಿಲ್ಲಿಸಬೇಕಾಯಿತು. ಅವಳಿಗೆ ಅದೇ ಕಷ್ಟವಾಯಿತೆಂದು ನಮ್ಮ ಎಣಿಕೆ.

ಕಳೆದ ಕೊಯ್ಲಿನ ಹೊತ್ತಿಗೆ ಇಬ್ಬರೂ ಬಸ್ಸಿನಲ್ಲೇ ನಮ್ಮಲ್ಲಿಗೆ ಬಂದರು. ದಾರಿಯಲ್ಲಿ ಒಮ್ಮೆ ಎದೆ ಬಡಿದುಕೊಂಡಿತಂತೆ, ಇಳಿಯಲಿಲ್ಲವಂತೆ.

ಮಲೆನಾಡಿನ ಒಂಟಿಮನೆಗಳಲ್ಲಿ ಈ ಕಾಯಿಲೆ ಅಡಗಿಕೊಳ್ಳುವುದು ಇನ್ನೂ ಸುಲಭ. ಮಕ್ಕಳು ಬೆಂಗಳೂರಿನಲ್ಲಿ, ಸಾಮಾನು ತರಲು ಆಳು. ಹೊರಗೆ ಹೋಗದವರನ್ನು ಯಾಕೆಂದು ಕೇಳುವವರಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹೊರಗೆ ಹೊರಡಲೇ ಆಗದವರಿಗೆ 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ; 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎರಡು ವರ್ಷದಿಂದ ಮಹಾಸಭೆಗೆ ಬಾರದ ಹಿರಿಯ ಸದಸ್ಯರ ಪಟ್ಟಿ ಮಾಡಿದ್ದೇವೆ. ಈ ಸಲ ಅವರ ನೋಟೀಸು ಅಂಚೆಯಲ್ಲಿ ಹೋಗುವುದಿಲ್ಲ. ನಾವೇ ಮನೆಗೆ ತಂದು ಕೊಡುತ್ತೇವೆ.