ಕಾನೂನಿನ ಬೆನ್ನಿಗೇ ಕಳ್ಳದಾರಿ

ನಿವೃತ್ತಿಯ ನಂತರ ಸ್ಪ್ಯಾನಿಷ್ ಭಾಷೆ ಕಲಿಯಲು ತೊಡಗಿದ ನನ್ನನ್ನು ಬಹುವಾಗಿ ಕಾಡಿದ್ದು ‘ತ್ರಾಂಪ’ ಎಂಬ ಪುಟ್ಟ ನಾಮಪದ. ಬೇಟೆಗಾರನ ಬೋನಿಗೂ ಅದೇ ಪದ, ಇಸ್ಪೀಟಾಟದ ಮೋಸಕ್ಕೂ ಅದೇ ಪದ. ಅರ್ಥವನ್ನು ನಿಶ್ಚಯಿಸುವುದು ಜತೆಗಿರುವ ಕ್ರಿಯಾಪದ. ‘ಅಸೇರ್ ತ್ರಾಂಪ’ ಎಂದರೆ ಮೋಸ ಮಾಡು. ‘ಕಾಯೆರ್ ಎನ್ ಲಾ ತ್ರಾಂಪ’ ಎಂದರೆ ಬಲೆಗೆ ಬೀಳು. ಮೊದಲನೆಯದರಲ್ಲಿ ವಾಕ್ಯದ ಕರ್ತೃ ವಂಚಕ, ಎರಡನೆಯದರಲ್ಲಿ ಬಲಿಪಶು. ಅರ್ಥಶಾಸ್ತ್ರಜ್ಞರು ಹೇಳುವ ‘ಬಡತನದ ಬಲೆ’ಗೂ ಸ್ಪ್ಯಾನಿಷ್‌ನಲ್ಲಿ ಇದೇ ಪದವಿದೆ. ಅಲ್ಲಿ ಬಿದ್ದವನನ್ನು ಯಾರೂ ವಂಚಕನೆನ್ನುವುದಿಲ್ಲ.

ಈ ಪದದ ಇನ್ನೊಂದು ಬಳಕೆ ಆಡಳಿತದಲ್ಲಿದ್ದವರಿಗೆ ನೇರವಾಗಿ ತಟ್ಟುವಂಥದು. ‘ಎಚಾ ಲಾ ಲೇಯ್, ಎಚಾ ಲಾ ತ್ರಾಂಪ’ ಎಂಬುದು ಸ್ಪೇನಿನ ಗಾದೆ: ಕಾನೂನು ಆಯಿತೆಂದರೆ ಅದನ್ನು ತಪ್ಪಿಸುವ ದಾರಿಯೂ ಆಯಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮ್ಯಾಡ್ರಿಡ್ ನಗರದ ಇತಿಹಾಸ ಇದಕ್ಕೆ ಸೊಗಸಾದ ನಿದರ್ಶನ. ದೊರೆ ಎರಡನೆಯ ಫಿಲಿಪ್ 1561ರಲ್ಲಿ ತನ್ನ ಆಸ್ಥಾನವನ್ನು ಅಲ್ಲಿಗೆ ಸ್ಥಳಾಂತರಿಸಿದ. ರಾಜಸೇವಕರಿಗೆ ವಸತಿ ಸಾಲದಾದಾಗ ಮನೆಯ ಒಂದು ಭಾಗವನ್ನು ಅವರಿಗೆ ಬಿಟ್ಟುಕೊಡುವ ಹೊಣೆ ಮಾಲೀಕರ ಮೇಲೆ ಬಿತ್ತು. ವಿಭಜಿಸಲಾಗದ ಸಣ್ಣ ಮನೆಗಳಲ್ಲಿ ಮಾತ್ರ ಯಾರನ್ನೂ ಇರಿಸುತ್ತಿರಲಿಲ್ಲ. ಕೂಡಲೇ ಜನ ಬೀದಿಯ ಕಡೆಯಿಂದ ಒಂದೇ ಅಂತಸ್ತಿನಂತೆ ಕಂಡು, ಹಿಂದೆ ಮತ್ತೊಂದು ಅಂತಸ್ತನ್ನು ಅಡಗಿಸಿಕೊಂಡ ಮನೆಗಳನ್ನು ಕಟ್ಟತೊಡಗಿದರು. ‘ಕಪಟದ ಮನೆ’ಗಳೆಂದೇ ಅವುಗಳಿಗೆ ಹೆಸರಾಯಿತು.

ಕಪಟ ಯಾರದು? ಮಾಲೀಕರು ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿದ್ದು ದಿಟ. ಆದರೆ ಪರಿಹಾರವಿಲ್ಲದೆ ಅವರ ಸೂರನ್ನೇ ಪಾಲು ಕೇಳಿದ ಕಟ್ಟಳೆಯೂ ಒಂದು ಬೋನೇ ಆಗಿತ್ತು. ಹೊರಲಾರದ ಹೊರೆ ಹೊರಿಸುವ ಕಾನೂನು ಸಾಮಾನ್ಯರನ್ನೂ ಕಪಟಿಗಳನ್ನಾಗಿಸುತ್ತದೆ. ಇನ್ನು ಕೆಲವು ಕಾನೂನುಗಳಲ್ಲಿ ಬಲ್ಲಿದರು ನುಸುಳುವ ಕಿಂಡಿಯನ್ನು ಕರಡಿನ ಹಂತದಲ್ಲಿಯೇ ‘ಆದರೆ’, ‘ಹೊರತುಪಡಿಸಿ’ ಎಂಬ ಮಾತುಗಳಿಂದ ಕೊರೆದಿರುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಗಾದೆಯಲ್ಲಿ ನನಗೆ ಒಪ್ಪಿಗೆಯಾಗದ ಅಂಶ ಇದೇ. ‘ಎಚಾ’ ಎಂದರೆ ‘ಮಾಡಲ್ಪಟ್ಟಿದೆ’. ಮಾಡಿದವರು ಯಾರೆಂಬುದು ಅದರಲ್ಲಿಲ್ಲ. ನಮ್ಮ ಕಡತಗಳ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಕ್ಕಣೆಯೂ ಹೀಗೆಯೇ ಕರ್ತೃವನ್ನು ಮರೆಮಾಚುತ್ತದೆ. ಕಾನೂನಿನ ಲೋಪ ತಾನಾಗಿ ಹುಟ್ಟಿತೆಂದು ನಂಬಿ ನಿಟ್ಟುಸಿರಿಡುವ ಬದಲು, ಮಾಡಿದವರು ಯಾರು, ಬಿದ್ದವರು ಯಾರು ಎಂದು ಕೇಳುವುದು ಪ್ರಜೆಗಳ ಕರ್ತವ್ಯ. ಮಸೂದೆ ಇನ್ನೂ ಚರ್ಚೆಯಲ್ಲಿರುವಾಗಲೇ ಹಾಗೆ ಕೇಳಿದರೆ ಫಲ ಹೆಚ್ಚು.